ಕಂಚಿನ ಎಡಗೈ

ಮನೆಯಿಂದ, ಸೋಮವಾರ

ಪ್ರೀತಿಯ ತಮ್ಮಾ,

ಇವತ್ತು ನನಗೆ ಉಪವಾಸ. ಬೆಳಗ್ಗೆಯೇ ಕಸ ಗುಡಿಸಿ, ನೀರು ತುಂಬಿ, ಅಪ್ಪನಿಗೆ ತಿಂಡಿ ಕೊಟ್ಟು, ದೇವರಿಗೆ ದೀಪ ಹಚ್ಚಿ ಬರೆಯಲು ಕೂತಿದ್ದೇನೆ. ನಿನ್ನ ಬೆನ್ನುನೋವು ಹೇಗಿದೆ? ಆ ಊರಿನ ಕುಲುಮೆಯ ಮುಂದೆ ನಿಂತು ಊಟ ಮರೆಯಬೇಡ. ನಿನ್ನ ಬುದ್ಧಿ ನನಗೆ ಗೊತ್ತು.

ನಿನ್ನೆ ಚೌಕದಲ್ಲಿ ಹಾಡಿನಜ್ಜನ ಪ್ರತಿಮೆಯ ಪರದೆ ಸರಿಸಿದರು. ನಾವು ತೊಟ್ಟಿಲು ತೂಗುತ್ತ ಹಾಡುವ ಹಾಡುಗಳಿಗೆಲ್ಲ ರಾಗ ಕಟ್ಟಿದ ಪುಣ್ಯಾತ್ಮ ಅವರು. ಅಪ್ಪ ಕಣ್ಣು ಮಂಜಾದರೂ ಬಿಡದೆ, ತಾವೇ ಮೇಣದ ಅಚ್ಚು ತಿದ್ದಿ ತಾವೇ ಕಂಚು ಹೊಯ್ದರು. ಬಟ್ಟೆ ಜಾರಿದಾಗ ಅಷ್ಟೊಂದು ಜನ ಒಟ್ಟಿಗೇ ಕತ್ತು ಚಾಚಿದರು. ಅಜ್ಜ ಕೂತು ಬರೆಯುತ್ತಿದ್ದಾರೆ. ಈಗ ತಲೆಯೆತ್ತಿ ಸುಮ್ಮನಿರಿ ಎಂದಾರು ಅನ್ನಿಸುತ್ತದೆ. ನನ್ನ ಕೈಗಳು ತಾವಾಗಿ ಜೋಡಿಕೊಂಡವು. ದೇವರಲ್ಲ ಎಂದು ಗೊತ್ತು, ಆದರೂ. ಆಮೇಲೆ ಯಾರೋ ಮೆಲ್ಲಗೆ ಅವರದೇ ಹಾಡು ಎತ್ತಿಕೊಂಡರು, ಚೌಕಕ್ಕೆ ಚೌಕವೇ ಹಾಡಿತು. ತರಕಾರಿಯವಳು ತಕ್ಕಡಿ ಹಿಡಿದುಕೊಂಡೇ ಹಾಡಿದಳು.

ಆಗ ನೋಡಿದೆ, ಲೇಖನಿ ಹಿಡಿದ ಕೈಯನ್ನು. ಬಲಗೈ ಸುಮ್ಮನೆ ಮಡಿಲಲ್ಲಿದೆ, ಬರೆಯುತ್ತಿರುವುದು ಎಡಗೈ. ಕಿರುಬೆರಳು ಹೊರಕ್ಕೆ ಬಾಗಿದೆ, ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ. ನಿನ್ನ ಕೈ ಕಣೋ. ಎಡಚ, ಎಡಚ ಎಂದು ಹಂಗಿಸಿ, ಬಲಗೈಯಲ್ಲಿ ಉಳಿ ಹಿಡಿ ಎಂದು ಬೈದು ಬೈದು ನಿನ್ನನ್ನು ಮನೆಯಿಂದಲೇ ಹೊರಡಿಸಿದರಲ್ಲ, ಆ ಅಪ್ಪನೇ ಅದೇ ಕೈಯನ್ನು ಊರ ನಡುವೆ ಕೂರಿಸಿದ್ದಾರೆ. ಕೇಳಿದರೆ, ಬೇಕೆಂದು ಮಾಡಿದ್ದಲ್ಲವಂತೆ. “ಕೆಲಸ ಮಾಡೋ ಕೈ ಅಂದ್ರೆ ಕಣ್ಮುಂದೆ ಅದೇ ಬಂತು, ನಾನೇನು ಮಾಡ್ಲಿ” ಅಂದು ಗೋಡೆಯ ಕಡೆ ತಿರುಗಿ ಮಲಗಿದರು.

ಭಗವಂತ ನಿನ್ನ ಆ ಕೈಯನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ

ಮರೆತೇ ಬಿಟ್ಟಿದ್ದೆ: ಹಾಡಿನಜ್ಜನ ಮಗಳೂ ಬಂದಿದ್ದರು. ಅವರಪ್ಪ ಬರೆಯುತ್ತಿದ್ದುದು ಬಲಗೈಯಿಂದಂತೆ. ಪಾಪ, ನಗುತ್ತಲೇ ಹೇಳಿದರು. ಈಗ ಬಲಗೈಯನ್ನು ಹೊಸದಾಗಿ ಹೊಯ್ದು ಲೇಖನಿಯನ್ನು ಅದಕ್ಕೆ ಕೊಡಬೇಕು. ಪಕ್ಕದ ಮನೆ ಬಡಗಿಯ ಕೈ ನೋಡಿ ಮಾಡಿ ಎಂದೆ. ಅಪ್ಪ ಸಿಡುಕಿದರು: “ಒಂದು ಕೈ ಇವನದು, ಇನ್ನೊಂದು ಆ ಬಡಗಿಯದಾ? ಎಡಚನೇ ಬಂದು ಬಲಗೈ ಕೊಡ್ಲಿ.” ಏನು ಹೇಳುತ್ತೀಯೋ ಅದನ್ನು ಅಂಚೆಕಚೇರಿಯ ವಿಳಾಸಕ್ಕೇ ಬರೆ. ನನಗೆ ಮಂಡಿನೋವು, ನೀವೇ ಹೋಗಿ ಅವನ ಕಾಗದ ತಂದುಕೊಡಿ ಎಂದು ಅಪ್ಪನಿಗೆ ಹೇಳಿದ್ದೇನೆ. ಆಗಲೇ ಚಪ್ಪಲಿ ಹೊಲಿಸಿಕೊಂಡು ಬಂದಿದ್ದಾರೆ.