ಪಂಪಾವತಿಗೆ ಗಾಳಿ ಹಿಡಿದದ್ದಲ್ಲ, ಪಂಪಾವತಿ ಗಾಳಿ ಹಿಡಿದದ್ದು

ಕರೂರು, ಸಿರುಗುಪ್ಪ ತಾಲೂಕು
ಏಪ್ರಿಲ್ ೨೬

ತಮ್ಮ ಭೀಮರಾಜನಿಗೆ,

ಜೈಭೀಮ್. ಮೊದಲು ನನ್ನ ಸಿಟ್ಟು ಓದಿಕೋ, ಆಮೇಲೆ ಉಳಿದದ್ದು. ಐದನೆಯ ಕ್ಲಾಸಿಗೆ ಸಾಲಿ ಬಿಟ್ಟವಳ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಹಿಡಿಸಿದ್ದೀಯ. ಫೋನು ಮಾಡಿದರೆ ಎತ್ತುವುದಿಲ್ಲ. ಪಕ್ಕದ ಮನೆಯ ಎರ್ರಣ್ಣನ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀಯ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಹರಿದರೆ ಅಂಟಿಸಿ ಓದು ಎಂದು ನಿನ್ನ ಹೆಂಡತಿ ಸುಮಂಗಲಾಗೆ ಹೇಳಿಟ್ಟಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ನಗಬೇಡ. ನಾನು ಸಾಲಿ ಬಿಟ್ಟದ್ದು ಯಾರ ಸಲುವಾಗಿಯೂ ಅಲ್ಲ. ಮಾಸ್ತರ ಕೈಯಿಂದ ಬೆತ್ತ ಕಿತ್ತುಕೊಂಡಿದ್ದೆ, ಮರುದಿನ ಹೋಗುವ ಹಾಗಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. ನಿನ್ನ ಮಗಳು ಪಂಪಾವತಿ ನನ್ನ ಮನೆಯಲ್ಲಿ ಚೆನ್ನಾಗಿದ್ದಾಳೆ. ಅಂದರೆ ಮೈ ಚೆನ್ನಾಗಿದೆ, ಮುಖ ಚೆನ್ನಾಗಿಲ್ಲ. ಅವಳ ತಂಡದವರು ಮೇ ಐದಕ್ಕೆ ಇಲ್ಲಿಂದ ಸಾಮಾನು ಕಟ್ಟಿಕೊಂಡು ಮಾನ್ವಿ ಕಡೆ ಹೊರಡುತ್ತಾರೆ. ಇವಳು “ಅಪ್ಪ ಹೂಂ ಅನ್ನೋತನಕ ನಾ ಜೀಪ್ ಹತ್ತಂಗಿಲ್ಲ ಅತ್ತಿ” ಎಂದು ಇಲ್ಲಿ ಕುಳಿತಿದ್ದಾಳೆ. ನೀನು “ಆ ಕೆಲಸ ಬಿಡೋತನಕ ನನಗ ಮಗಳಿಲ್ಲ” ಎಂದು ಕುರುಗೋಡಿನಲ್ಲಿ ಕುಳಿತಿದ್ದೀಯ. ಅಪ್ಪ ಮಗಳು ಇಬ್ಬರೂ ಕುಳಿತುಬಿಟ್ಟರೆ ನಡುವೆ ಓಡಾಡುವುದಕ್ಕೆ ಮೊಣಕಾಲು ನೋವಿನ ನಾನೊಬ್ಬಳು ಸಿಕ್ಕೆ.

ಅವಳು ಮಾಡುವ ಕೆಲಸ ಏನೆಂದು ನಿನಗೆ ಸರಿಯಾಗಿ ತಿಳಿದಿಲ್ಲ. ನನಗೂ ತಿಳಿದಿರಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಅಮೆರಿಕದಲ್ಲಿ ಮೋಡದಿಂದ ಆನೆಯ ಸೊಂಡಿಲು ಇಳಿದ ಹಾಗೆ ಸುಂಟರಗಾಳಿ ಇಳಿಯುತ್ತದಂತೆ. ಅದನ್ನು ಓದಿಕೊಳ್ಳಲಿಕ್ಕೆ ಜನ ಗಾಡಿ ಮಾಡಿಕೊಂಡು ಅದರ ಬೆನ್ನು ಹತ್ತುತ್ತಾರಂತೆ. ನಮ್ಮ ಕಡೆ ಅಷ್ಟು ದೊಡ್ಡದು ಬರುವುದಿಲ್ಲ, ಆದರೆ ಬೇಸಿಗೆಯ ಮಳೆಗಾಳಿಯಲ್ಲಿ ಒಂದೊಂದು ಸಲ ಸಣ್ಣದು ಇಳಿದು ಹೋಗುತ್ತದೆ, ಅದನ್ನು ಅಳೆದವರಿಲ್ಲ ಎಂದಳು. ಅವಳು ಬಂದ ದಿನವೇ ನಾನು ಕೇಳಿದೆ, “ಊರ ಮಂದಿಯೆಲ್ಲ ಗಾಳಿ ಎದ್ದರ ಒಳಗ ಓಡತಾರ, ನಿಮಗೇನು ರೋಗ ಬಂದೈತಿ ಹೊರಗ ಓಡಾಕ?” ಅದಕ್ಕೆ ಅವಳು ನಕ್ಕಳು. “ಅತ್ತಿ, ಮ್ಯಾಲಿಂದ ನೋಡೋ ಯಂತ್ರಕ್ಕ ಮೋಡದ ನೆತ್ತಿ ಕಾಣತೈತಿ, ಕಾಲು ಕಾಣಂಗಿಲ್ಲ. ಮನಿ ಕೆಡವೋದು ಅದರ ಕಾಲು.” ಆ ಕಾಲು ಬರುವ ದಾರಿಯಲ್ಲಿ ಒಂದು ಹಳದಿ ಪೆಟ್ಟಿಗೆ ಇಟ್ಟು ಓಡಿ ಬರಬೇಕು. ಪೆಟ್ಟಿಗೆಯ ಮೇಲೆ ಮೂರು ಬಟ್ಟಲು ಗಿರಗಿರ ತಿರುಗುತ್ತವೆ. ನಾನು ಅದನ್ನು ಇಡ್ಲಿ ಪಾತ್ರೆ ಎಂದುಕೊಂಡು ತೊಳೆಯಲಿಕ್ಕೆ ಎತ್ತಿಟ್ಟಿದ್ದೆ. ಅವತ್ತು ತಂಡದವರೆಲ್ಲ ಕೂಗಿಕೊಂಡರು.

ನನಗೆ ಈ ಕೆಲಸ ಹುಚ್ಚಾಟ ಅನ್ನಿಸಿದ್ದು ನಿಜ. ಆದರೆ ನಮ್ಮ ಕೂಲಿಗುಂಪಿನ ಹೊನ್ನೂರಮ್ಮನನ್ನು ನೆನೆಸಿಕೋ. ಹೋದ ಬೇಸಿಗೆ ಗದ್ದೆಯ ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚಿದ್ದೆವು. ಪಂಪ್‌ಸೆಟ್ ಮನೆಯ ತಗಡು ಹಾರಿ ಬಂದು ಅವಳ ಭುಜ ಮುರಿಯಿತು. ಇವತ್ತಿಗೂ ಕೈ ಎತ್ತಿ ತಲೆ ಬಾಚಿಕೊಳ್ಳಲು ಬರುವುದಿಲ್ಲ, ಮಗಳು ಬಾಚುತ್ತಾಳೆ. ಅರ್ಧ ತಾಸು ಮೊದಲು ಯಾರಾದರೂ “ಏಳ್ರಬೇ, ಮನಿಗೆ ನಡೀರಿ” ಎಂದು ಹೇಳಿದ್ದರೆ ಎದ್ದು ಹೋಗುತ್ತಿದ್ದೆವು. ಆ ಅರ್ಧ ತಾಸಿನ ಸಲುವಾಗಿಯೇ ಇದೆಲ್ಲ ಎನ್ನುತ್ತಾಳೆ ಪಂಪಾವತಿ. ಈ ವರ್ಷದ ಲೆಕ್ಕ ಈ ವರ್ಷಕ್ಕೇ ಉಪಯೋಗಕ್ಕೆ ಬರುವುದಿಲ್ಲವಂತೆ, ಇನ್ನೂ ಎಷ್ಟೋ ಗಾಳಿ ಅಳೆಯಬೇಕಂತೆ. ಅದನ್ನೂ ಮುಚ್ಚಿಡದೆ ಹೇಳಿದಳು. ಸುಳ್ಳು ಹೇಳಿ ನನ್ನನ್ನು ಒಪ್ಪಿಸಬಹುದಿತ್ತು, ಹೇಳಲಿಲ್ಲ.

ಇನ್ನು ನೀನು ಬಂದು ಸಿಟ್ಟಾಗಿ ಹೋದ ಆ ದಿನದ್ದು. ನಾನು ಮನೆಯಲ್ಲೇ ಇದ್ದೆ ಎಂದು ಸುಮಂಗಲಾಗೆ ಹೇಳಿದ್ದೆ. ಸುಳ್ಳು. ಜೀಪಿನಲ್ಲಿದ್ದೆ.

ಮಧ್ಯಾಹ್ನ ಅವರಿಗೆ ರೊಟ್ಟಿ ಕೊಡಲಿಕ್ಕೆ ಹೋದವಳು ಹತ್ತಿ ಕುಳಿತೆ, ಇಳಿಯಲಿಲ್ಲ. ತಂಡದ ದೊಡ್ಡವ ವಿಜಯಕುಮಾರ, ಬಳ್ಳಾರಿ ಹುಡುಗನೇ, ಕೈ ಮುಗಿದು “ಅಮ್ಮಾರ, ನಿಮ್ಮ ಜವಾಬ್ದಾರಿ ನಮಗ ಬ್ಯಾಡ್ರಿ, ಇಳೀರಿ” ಎಂದ. “ನಿನ್ನ ಜವಾಬ್ದಾರಿ ಯಾರು ಕೇಳ್ಯಾರಪ್ಪ? ನಾ ನನ್ನ ಹುಡುಗಿ ಕಾಯಾಕ ಬಂದೀನಿ” ಎಂದೆ. ಡ್ರೈವರ್ ತಿಪ್ಪೇಶ ಕನ್ನಡಿಯಲ್ಲಿ ನನ್ನ ಮುಖ ನೋಡಿ ಗಾಡಿ ಬಿಟ್ಟ. ಅವನಿಗೆ ಬುದ್ಧಿ ಇದೆ.

ಹಗರಿ ಹೊಳೆಯ ಕಡೆಯಿಂದ ಮೋಡ ಏರುತ್ತಿತ್ತು. ಅಡಿ ಕಪ್ಪು, ಮೇಲೆ ಹೂಕೋಸು. ಇವರದೊಂದು ನೇಮವಿದೆ. ತಪ್ಪಿಸಿಕೊಳ್ಳಲು ಎರಡು ದಾರಿ ಇಲ್ಲದ ಕಡೆ ಗಾಡಿ ಒಯ್ಯುವಂತಿಲ್ಲ, ಗಾಡಿಯ ಮೂತಿ ಯಾವತ್ತೂ ವಾಪಸ್ಸು ಹೋಗುವ ಕಡೆಗೆ ಇರಬೇಕು. ಪೆಟ್ಟಿಗೆಯನ್ನು ಹೊಲದಲ್ಲಿ ಇಟ್ಟು ಡಾಂಬರು ರಸ್ತೆಗೆ ಬಂದರೆ, ಮರಿಬಸಪ್ಪ ರಸ್ತೆಯುದ್ದಕ್ಕೂ ನೆಲ್ಲು ಒಣಹಾಕಿದ್ದ. ಮಳೆ ಬರುತ್ತದೆಂದು ಅವನ ಮನೆಯವರೆಲ್ಲ ಸೇರಿ ಗುಡ್ಡೆ ಮಾಡುತ್ತಿದ್ದರು. ಪಂಪಾವತಿ ಹೇಳಿದಳು, “ನಿಧಾನಕ್ಕ ಪಕ್ಕದಾಗ ಹೋಗು ತಿಪ್ಪೇಶ.” ನಾನು ಅಂದೆ, “ಆ ಮರಿಬಸಪ್ಪನ ನೆಲ್ಲಿನ ಮ್ಯಾಲೆ ಗಾಲಿ ಹೋದರ ವರ್ಷಗಟ್ಟಲೆ ಬೈಗಳ ಕೇಳಾಕೆ ನಾ ಅದೀನಿ, ನೀವಲ್ಲ. ಕಾಲುವಿ ಏರಿ ಮ್ಯಾಲೆ ತಿರುವು.” ತಿರುವಿದ. ಕಾಲುವೆ ಏರಿಯ ಮೇಲೆ ಗಾಡಿ ತಿರುಗಿಸಲು ಜಾಗವಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಾಯಿ ಮುಂದೆ ಹೋಯಿತು, ತಲೆ ಹಿಂದೆ ಉಳಿಯಿತು. ಆ ದಾರಿ ಹಿಡಿಸಿದ್ದು ನಿನ್ನ ಮಗಳಲ್ಲ ಭೀಮಾ. ಬೈಯುವುದಿದ್ದರೆ ನನಗೆ ಬೈ.

ಮುಂದೆ ಒಂದು ಜಾಲಿ ಮರ ಅಡ್ಡ ಬಿತ್ತು. ಆಲಿಕಲ್ಲು ಬಿದ್ದು ಎದುರಿನ ಗಾಜು ಒಡೆಯಿತು, ಚೂರು ಬಡಿದು ತಿಪ್ಪೇಶನ ಹಣೆ ಹರಿಯಿತು. “ಎಲ್ಲಾರೂ ಇಳೀರಿ, ಹೊಲದ ಕಾಲುವಿಯಾಗ ಮಕಾಡಿ ಮಲಗ್ರಿ” ಎಂದು ಕೂಗಿದವಳು ಪಂಪಾವತಿ. ನನ್ನನ್ನು ರಟ್ಟೆ ಹಿಡಿದು ಎಳೆದು ಕೆಸರಿಗೆ ಹಾಕಿ, ತಾನು ನನ್ನ ಮೇಲೆ ಬಿದ್ದು ನನ್ನ ತಲೆ ಮುಚ್ಚಿದಳು. ಹೆದರಿದೆನೇ ಎಂದರೆ ಹೆದರಿದೆ. ಬಾಯಲ್ಲಿ ಕೆಸರು ತುಂಬಿದ್ದರೂ ಆ ಗಾಳಿಯ ತಾಯಿ ತಂದೆಯನ್ನೆಲ್ಲ ಬೈದೆ. ಕಣ್ಣು ಬಿಟ್ಟು ನೋಡಿದರೆ ಆಚೆ ಹೊಲದಲ್ಲಿ ಮೋಡದಿಂದ ಒಂದು ಬೂದು ಬಣ್ಣದ ಜಡೆ ಇಳಿದಿತ್ತು. ಹುಲ್ಲಿನ ಬಣವೆಯನ್ನು ಎತ್ತಿ, ತಿರುವಿ, ನುಂಗಿತು. ಪೆಟ್ಟಿಗೆ ಇಟ್ಟಿದ್ದ ಜಾಗದ ಮೇಲೇ ಹಾದು, ಕರಗಿ ಹೋಯಿತು. ನಾನು ಅಷ್ಟು ಕೆಟ್ಟದ್ದನ್ನೂ ನೋಡಿಲ್ಲ, ಅಷ್ಟು ಚೆಂದದ್ದನ್ನೂ ನೋಡಿಲ್ಲ.

ಈಗ ಎರ್ರಣ್ಣನ ವಿಷಯ. ಊರಿಗೆ ಬಂದ ಮೇಲೆ, ನನ್ನ ಫೋನು ನೀರು ಕುಡಿದಿದ್ದರಿಂದ ಅವನಿಗೆ ಹೇಳಿದೆ, “ನನ್ನ ತಮ್ಮಗ ಫೋನ್ ಹಚ್ಚಿ, ಪಂಪಾವತಿ ಗಾಳಿ ಹಿಡದಾಳ ಅಂತ ಹೇಳು, ಖುಷಿ ಪಡತಾನ.” ಅವನು ನಡುವೆ ಒಂದು “ಗೆ” ಸೇರಿಸಿದ. “ಪಂಪಾವತಿಗೆ ಗಾಳಿ ಹಿಡದೈತಿ” ಎಂದ. ಹಿಡದಾಳ, ಹಿಡದೈತಿ, ಎಲ್ಲಾ ಒಂದೇ ಎಂದು ಇವತ್ತಿಗೂ ವಾದ ಮಾಡುತ್ತಾನೆ. ನೀನೂ ಮತ್ತೊಂದು ಮಾತು ಕೇಳದೆ, ಮಗಳಿಗೆ ದೆವ್ವ ಮೆಟ್ಟಿತೆಂದು, ಗಾಳಿ ಬಿಡಿಸುವ ಹಂಪಯ್ಯನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕುರುಗೋಡಿನಿಂದ ಹಾರಿ ಬಂದೆ.

ನೀನು ಬಂದ ಹೊತ್ತೂ ಹಾಗಿತ್ತು. ಪೆಟ್ಟಿಗೆಯೊಳಗಿನ ಲೆಕ್ಕ ಆಗತಾನೇ ಕಂಪ್ಯೂಟರಿಗೆ ಬಂದಿತ್ತು. ಪಂಪಾವತಿ ಕೂದಲು ಕೆದರಿಕೊಂಡು, ಮೈಯೆಲ್ಲ ಕೆಸರು ಮಾಡಿಕೊಂಡು, ನನ್ನ ಅಂಗಳದಲ್ಲಿ ಕುಣಿಯುತ್ತಿದ್ದಳು. ಸುತ್ತಲೂ ಮಂದಿ. ಹಂಪಯ್ಯ ಬೇವಿನ ಸೊಪ್ಪು ಹಿಡಿದು ಮುಂದೆ ಬಂದು ಗಡಸು ದನಿಯಲ್ಲಿ ಕೇಳಿದ.

“ಎಲ್ಲಿಂದ ಬಂದೈತಿ ಇದು?”

ಯಾರೋ ಊರ ಹಿರಿಯರು ಆಸಕ್ತಿಯಿಂದ ಕೇಳುತ್ತಿದ್ದಾರೆಂದು ಅವಳು ಮುಖ ಅರಳಿಸಿ ಹೇಳಿದಳು, “ಹಗರಿ ಕಡಿಯಿಂದ ಬಂತರಿ.”

“ಯಾವಾಗಿಂದ ಹಿಡದೈತಿ?”

“ಬಂದಾಗಿಂದ ಹಿಡೀಬೇಕಂತ ಕಾಯಾಕತ್ತಿದ್ವಿರಿ. ಇವತ್ತ ಸಿಕ್ತು!”

ಹಂಪಯ್ಯ ಒಂದು ಹೆಜ್ಜೆ ಹಿಂದೆ ಸರಿದ. ತಾನಾಗಿ ಕಾದು ಹಿಡಿಸಿಕೊಂಡವರನ್ನು ಅವನು ಅಲ್ಲಿಯತನಕ ನೋಡಿರಲಿಲ್ಲ. “ಬಿಟ್ಟು ಹೋಗತೈತೋ ಇಲ್ಲೋ?” ಎಂದ.

“ಹೋತರಿ ಯಜಮಾನ್ರ. ಗಾಜು ಒಡದು, ಬಣವಿ ಎತ್ತಿಕೊಂಡು ಹೋತು. ನಾಳೆ ಮತ್ತೊಂದು ಬಂದರೂ ಬರಬಹುದು!”

ಹಂಪಯ್ಯ ಸೊಪ್ಪನ್ನು ನಿನ್ನ ಕೈಗೆ ಕೊಟ್ಟು, “ಇದು ನನ್ನ ಕೈಲಿ ಆಗಂಗಿಲ್ಲಪ್ಪ ಭೀಮರಾಜ, ಭಾಳ ದೊಡ್ಡದೈತಿ” ಎಂದನಲ್ಲ, ಆಗ ವಿಜಯಕುಮಾರ ನಗು ತಡೆಯಲಾರದೆ ಕೂತುಬಿಟ್ಟ. ಹಣೆಗೆ ಪಟ್ಟಿ ಕಟ್ಟಿಕೊಂಡ ತಿಪ್ಪೇಶನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅದು ನಿನಗೆ ನಾಟಿತು, ಗೊತ್ತು. ಇದೇ ತಿಂಗಳ ಹದಿನಾಲ್ಕಕ್ಕೆ ಬಾಬಾಸಾಹೇಬರ ಜಯಂತಿಯಲ್ಲಿ ನೀಲಿ ಶಾಲು ಹೊದ್ದು ಮೈಕಿನ ಮುಂದೆ “ದೆವ್ವ ಇಲ್ಲ, ಭೂತ ಇಲ್ಲ, ತಾಯತ ಕಟ್ಟಬ್ಯಾಡ್ರಿ” ಎಂದು ಕೇರಿಗೆಲ್ಲ ಬುದ್ಧಿ ಹೇಳಿದವನು ಬೇವಿನ ಸೊಪ್ಪು ಹಿಡಿದು ನಿಂತಿದ್ದೆ. ಆಮೇಲೆ ನೀನು ಒಡೆದ ಗಾಜು ನೋಡಿದೆ, ತಿಪ್ಪೇಶನ ಹಣೆ ನೋಡಿದೆ, ಸೊಪ್ಪು ಬಿಸಾಕಿ ಬಾಯಿಗೆ ಬಂದದ್ದು ಅಂದು ಹೋದೆ. ನಾಚಿಕೆ ಯಾವುದು, ಸಿಟ್ಟು ಯಾವುದು ಎಂದು ನಿನಗೇ ತಿಳಿಯದ ಹಾಗಾಗಿತ್ತು. ನನಗಂತೂ ಆ ಬೇವಿನ ಸೊಪ್ಪು ನೋಡಿ ನಗು ಬಂದದ್ದು ಒಂದು ಗಳಿಗೆ. ಆಮೇಲೆ ಒಳಗೆ ಹೋಗಿ ಕಣ್ಣು ಒರೆಸಿಕೊಂಡೆ. ಮಗಳ ಸಲುವಾಗಿ ತನ್ನ ಭಾಷಣವನ್ನೇ ಮರೆತು ಬಂದ ಅಪ್ಪ ನೀನು. ಇದರಲ್ಲಿ ಮುಖ ಮುಚ್ಚಿಕೊಳ್ಳುವಂಥದ್ದೇನಿದೆ ಮೂರ್ಖ?

ಆ ಕೆಲಸದಲ್ಲಿ ಅಪಾಯ ಇಲ್ಲ ಎಂದು ನಾನು ಬರೆಯುವುದಿಲ್ಲ. ಕೆಸರಲ್ಲಿ ಮಲಗಿ ನೋಡಿದ್ದೇನೆ. ನೀನು ಹೋದ ಮೇಲೆ ವಿಜಯಕುಮಾರ ನಗುವುದು ನಿಲ್ಲಿಸಿ ಅವಳಿಗೆ ಸರಿಯಾಗಿ ಬೈದ. “ಗಾಳಿ ಸಿಕ್ಕಿದ್ದು ನಸೀಬು, ದಾರಿ ಬಿಟ್ಟಿದ್ದು ತಪ್ಪು. ಮುಂದಿನ ಸಲ ನಸೀಬು ಇರಂಗಿಲ್ಲ” ಎಂದ. ಅವಳು ತಪ್ಪನ್ನು ನನ್ನ ಮೇಲೆ ಹಾಕದೆ ಬೈಸಿಕೊಂಡಳು. ಆಮೇಲೆ ನನ್ನ ಹತ್ತಿರ ಬಂದು, “ಅತ್ತಿ, ಇನ್ನ ಮ್ಯಾಲೆ ನೆಲ್ಲು ಯಾರದಾರ ಇರಲಿ, ಏರಿ ಮ್ಯಾಲೆ ಹೋಗಂಗಿಲ್ಲ. ನೀ ಜೀಪಿನಾಗ ಬರಂಗಿಲ್ಲ” ಎಂದಳು. ನನಗೇ ಹೇಳಿದಳು, ನೋಡು ಧೈರ್ಯ. ಒಪ್ಪಿದೆ.

ನೀನು ಲೈನ್‌ಮನ್. ಗಾಳಿ ಮಳೆ ಬಂದು ಊರು ಕತ್ತಲಾದರೆ ಮಂದಿಯೆಲ್ಲ ಚಾವಣಿ ಕೆಳಗೆ ಸೇರುತ್ತಾರೆ, ನೀನು ಏಣಿ ಹೊತ್ತು ಹೊರಡುತ್ತೀಯ. ಕಂಬ ಹತ್ತುವುದು ಬಿಡೋತನಕ ನನಗೆ ಗಂಡನಿಲ್ಲ ಎಂದು ಸುಮಂಗಲಾ ಎಂದಾದರೂ ಕುಳಿತಳೇನು? ಗ್ಲೌಸ್ ಹಾಕಿಕೊಂಡೆಯಾ, ಲೈನ್ ಬಂದ್ ಮಾಡಿಸಿದೆಯಾ ಎಂದಷ್ಟೇ ಕೇಳುತ್ತಾಳೆ. ನೀನೂ ಮಗಳಿಗೆ ಅಷ್ಟು ಕೇಳು. ಎರಡು ದಾರಿ ನೋಡಿಕೊಂಡೆಯಾ ಎಂದು ಕೇಳು. ಬೇಕಾದರೆ ದಿನಾ ಕೇಳು, ಬೈದೇ ಕೇಳು. ಮಾತು ಬಿಡಬೇಡ.

ಕೈ ನೋಯುತ್ತಿದೆ. ಸುಮಂಗಲಾಗೆ ನನ್ನ ನೆನಪು ಹೇಳು. ಹಂಪಯ್ಯ ಸಿಕ್ಕರೆ, ಅವನು ಕೇಳಿದ ಪ್ರಶ್ನೆಗಳು ಸರಿಯಾಗಿದ್ದವು ಎಂದು ತಂಡದವರು ಹೊಗಳುತ್ತಾರೆ ಎಂದು ಹೇಳು, ಹಿಗ್ಗಲಿ.

ನಿನ್ನ ಕಿವಿ ಹಿಂಡುವ ಹಕ್ಕಿರುವ ಒಬ್ಬಳೇ ಅಕ್ಕ,
ಉಚ್ಚೆಂಗೆಮ್ಮ

ಇನ್ನೊಂದು ಮಾತು: ಇದನ್ನು ಮರೆತು ಕೆಳಗೆ ಬರೆಯುತ್ತಿಲ್ಲ, ಬರೆಯಲೋ ಬೇಡವೋ ಎಂದು ಇಷ್ಟೊತ್ತು ನೋಡಿದೆ. ಹೇಳಬೇಡ ಎಂದು ಪಂಪಾವತಿ ಆಣೆ ಹಾಕಿಸಿದ್ದಳು. ಮೊನ್ನೆ ಕುರುಗೋಡು ಗುಡ್ಡದ ಹಿಂದಿನ ಲೈನಿನಲ್ಲಿ ನೀನು ಕಂಬದ ಮೇಲಿದ್ದಾಗ, ಗಾಳಿ ಬರುತ್ತಿದೆ, ಎಲ್ಲರೂ ಇಳಿಯಿರಿ ಎಂದು ನಿಮ್ಮ ಆಫೀಸಿನಿಂದ ಫೋನು ಬಂತಂತೆ. ನೀವು ಇಳಿದು ರಸ್ತೆಗೆ ಬರುವಷ್ಟರಲ್ಲಿ ಕಂಬ ಬುಡಕ್ಕೇ ಮುರಿಯಿತಂತೆ. ಸುಮಂಗಲಾ ಅಳುತ್ತಾ ಹೇಳಿದಳು. ಆಫೀಸಿಗೆ ಸುದ್ದಿ ಕೊಟ್ಟ ಹೆಣ್ಣುಮಗಳು ಹೆಸರು ಹೇಳದೆ ಫೋನು ಇಟ್ಟಳಂತೆ, ಅವಳು ಯಾರೆಂದು ನೀನು ಎಲ್ಲರನ್ನೂ ಕೇಳುತ್ತಾ ತಿರುಗುತ್ತಿದ್ದೀಯಂತೆ. ಇನ್ನು ಕೇಳಬೇಡ. ನಿನಗೆ ಮಗಳಿಲ್ಲ ಎಂದು ಹೇಳಿದವನು ನೀನು, ಅವಳಿಗೆ ಅಪ್ಪ ಇದ್ದಾನೆ. ನನ್ನ ಅಡುಗೆಮನೆ ಬಾಗಿಲಲ್ಲಿ ಕಂಪ್ಯೂಟರ್ ತೊಡೆಯ ಮೇಲಿಟ್ಟುಕೊಂಡು, ಮೋಡ ಕುರುಗೋಡಿನ ಕಡೆ ಹೊರಳಿದ್ದು ನೋಡಿ ಆ ಫೋನು ಮಾಡಿದವಳು ಪಂಪಾವತಿ. ಮೇ ಮೂರರೊಳಗೆ ನಿನ್ನ ಉತ್ತರ ಬರಬೇಕು.