ಹಿರಿಮಗನಿಗೊಂದು ಎಡೆ

ಮಗಾ ಗಣೇಶ,

ನಿನ್ನ ತಮ್ಮ ಬದುಕಿದ. ಈ ಮಾತನ್ನು ಸಾಗರದ ಪೇಟೆಗೆಲ್ಲ ಹೇಳಿಕೊಂಡು ತಿರುಗಿದ್ದೇನೆ, ನಿನಗೊಬ್ಬನಿಗೆ ಹೇಳಿರಲಿಲ್ಲ. ನಾನು ಕೆಲಸ ಮಾಡುವ ಅಂಗನವಾಡಿಗೆ ಮಕ್ಕಳನ್ನು ಬಿಡಲು ಬರುವವರೆಲ್ಲ, "ಒಬ್ಬನಾದ್ರೂ ಉಳಿದ್ನಲ್ಲ ಪ್ರತಿಮಕ್ಕ, ದೇವ್ರು ದೊಡ್ಡವ್ನು" ಅನ್ನುತ್ತಾರೆ. ಅಷ್ಟು ದೊಡ್ಡವನಾಗಿದ್ದರೆ ಇಬ್ಬರನ್ನೂ ಉಳಿಸುತ್ತಿದ್ದ ಅಂತ ನಾಲಿಗೆ ತುದಿಗೆ ಬರುತ್ತದೆ. ನುಂಗಿಕೊಂಡು ತಲೆ ಆಡಿಸುತ್ತೇನೆ.

ನಿಮ್ಮಿಬ್ಬರದೂ ಒಂದೇ ಕಾಯಿಲೆ. ರಕ್ತದ ಬಿಳಿ ಕಣಗಳಿಗೆ ಬರೀ ಬೂಷ್ಟನ್ನು ಕೊಲ್ಲುವ ಶಕ್ತಿಯೂ ಇಲ್ಲ. ತಾಯಿಯಿಂದ ಗಂಡುಮಕ್ಕಳಿಗೆ ಬರುವಂಥದ್ದು, ಅಂದರೆ ನನ್ನಿಂದ ಬಂದದ್ದು. ನಿನಗೆ ಅಪ್ಪನ ಸ್ಟೆಮ್ ಸೆಲ್ ಹಾಕುವ ಮೊದಲು ನಿನ್ನ ಅಸ್ಥಿಮಜ್ಜೆಯನ್ನು ಪೂರ್ತಿ ಸುಟ್ಟು ಹಾಕುವಂಥ ಕೀಮೋ ಕೊಟ್ಟರು. ಆಗ ಅವರ ಕೈಲಿ ಇದ್ದದ್ದೇ ಅದು. ಬಾಯೆಲ್ಲ ಹುಣ್ಣಾಗಿ ನಿನಗೆ ನೀರೂ ಇಳಿಯಲಿಲ್ಲ. ಆಮೇಲೆ ಲಿವರ್ ಕೈಕೊಟ್ಟಿತು. ಅಪ್ಪನ ಕಣಗಳು ಬೇರೂರುವ ತನಕ ನೀನು ಉಳಿಯಲಿಲ್ಲ.

ಸುನಿಲನಿಗೂ ಅಪ್ಪನದೇ ಸ್ಟೆಮ್ ಸೆಲ್, ಆದರೆ ಅದಕ್ಕೆ ಮೊದಲು ಕೊಟ್ಟದ್ದು ಅಷ್ಟು ಕಠಿಣವಲ್ಲದ, ಮೆದು ಚಿಕಿತ್ಸೆ. ಡಾಕ್ಟರು ಚಿತ್ರ ಬರೆದು ತೋರಿಸಿದರೂ ನನ್ನ ತಲೆಗೆ ಹತ್ತಲಿಲ್ಲ. ಹೊಸನಗರದ ಬಸ್ಸು ಓಡಿಸುವ ನಿನ್ನ ಅಪ್ಪನೇ ಬಿಡಿಸಿ ಹೇಳಿದರು. "ಬಸ್ಸಲ್ಲಿ ಇದ್ದೋರ್ನೆಲ್ಲ ಇಳ್ಸೋದು ಬೇಡ ಕಣೇ. ಒಂಚೂರು ಒತ್ತರಿಸಿ ಕೂತ್ರೆ ಹೊಸಬ್ರಿಗೂ ಸೀಟು ಸಿಗ್ತದೆ." ಹಾಗೇ ಆಯಿತು. ಸುನಿಲನ ರಕ್ತದಲ್ಲಿ ಈಗ ಅವನದೂ ಇದೆ, ಅಪ್ಪನದೂ ಇದೆ. ಎರಡೂ ಹೊಂದಿಕೊಂಡು ಹೋಗುತ್ತಿವೆಯಂತೆ.

ಆಸ್ಪತ್ರೆಯಲ್ಲಿ ಅವನು ಗಂಜಿ ಕುಡಿದು ಇನ್ನೊಂದು ಲೋಟ ಕೇಳಿದ ದಿನ ನನಗೆ ಸಿಟ್ಟು ಬಂತು ಮಗಾ. ಖುಷಿಯೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಹೆತ್ತ ಮಗ ಗಂಜಿ ಕುಡಿದನಲ್ಲ ಅಂತ ಸಿಟ್ಟು ಬರುವ ತಾಯಿ ಈ ಮಾತನ್ನು ಯಾರ ಹತ್ತಿರ ಆಡಬೇಕು? ಸುನಿಲ ಹೆದರಿಕೊಂಡಾನು ಅಂತ ಅಪ್ಪ ಗೋಡೆ ಮೇಲಿದ್ದ ನಿನ್ನ ಫೋಟೋ ತೆಗೆದು ಒಳಗಿಟ್ಟಿದ್ದರು. ಅದರ ಜೊತೆಗೇ ನಿನ್ನ ಹೆಸರೂ ಒಳಗೆ ಹೋಯಿತು. ಅವನು ಮನೆಗೆ ಬಂದ ಮೇಲೂ ಯಾರೂ ನಿನ್ನ ಸುದ್ದಿ ಎತ್ತಲಿಲ್ಲ. ಮನೆ ತುಂಬ ಜನ ಇದ್ದರೂ ನಾನು ಒಬ್ಬಳೇ ಆಗಿಬಿಟ್ಟೆ.

ಮೊನ್ನೆ ಹಿರಿಯರ ಹಬ್ಬ. ತೀರಿಕೊಂಡವರಿಗೆ ಅವರವರ ಇಷ್ಟದ ಅಡುಗೆ ಬಡಿಸಿ, ಬಾಗಿಲು ಹಾಕಿಕೊಂಡು ಹೊರಗೆ ಕಾಯುವುದು ನಿನಗೂ ಗೊತ್ತಲ್ಲ. ಮದುವೆಯಾಗದೆ ತೀರಿಹೋದವರಿಗೆ ನಮ್ಮ ಮನೆಯಲ್ಲಿ ಎಡೆ ಇಲ್ಲ. ನೀನು ನಮ್ಮನ್ನು ಬಿಟ್ಟು ಹೋದ ವರ್ಷವೇ ನಾನು ಕೇಳಿದ್ದೆ. "ರೂಢಿ ಇಲ್ಲ ಕಣೇ" ಅಂದಿದ್ದರು ನಿನ್ನ ಅಜ್ಜಿ ಕೆರಿಯಮ್ಮ. ಆಮೇಲೆ ನಾನು ಬಾಯಿ ತೆರೆದಿರಲಿಲ್ಲ. ಈ ಸಲ ಕೇಳಿದವನು ಸುನಿಲ.

"ಅಣ್ಣಂದೆಲ್ಲಿ ಅಜ್ಜಿ?"

ಅಜ್ಜಿ ಇನ್ನೊಂದು ಬಾಳೆಲೆ ಹಾಸಿದರು. "ಎಂತ ಇಷ್ಟ ಇತ್ತು ಅವ್ನಿಗೆ?" ಅಂದರು. ಬಾಗಿಲಲ್ಲಿ ನಿಂತಿದ್ದ ಅಪ್ಪ ಹೇಳಿದರು: "ಒಣಸೀಗಡಿ ಚಟ್ನಿ. ಜೊತಿಗೆ ಒಂದು ಚೂರು ಬೆಲ್ಲ." ಅಷ್ಟು ಹೇಳಿ ಅಂಗಳಕ್ಕಿಳಿದು ಅಲ್ಲೇ ಕೂತುಬಿಟ್ಟರು. ಅವರು ಅಳುವುದನ್ನು ನಾನು ಅವತ್ತೇ ನೋಡಿದ್ದು.

ಬಡಿಸಿದೆ. ಬಾಗಿಲು ಹಾಕಿದೆವು. ಹೊರಗೆ ಕಾಯುವಾಗ ಎಲ್ಲರೂ ನಿನ್ನ ಸುದ್ದಿಯನ್ನೇ ಆಡಿದರು. ಇಷ್ಟು ವರ್ಷ ನಾನು ಹಂಬಲಿಸಿದ್ದು ಅದನ್ನೇ. ಆದರೆ ಬಾಗಿಲು ತೆಗೆಯುವ ಹೊತ್ತಿಗೆ ನನ್ನ ಕೈ ಏಳಲಿಲ್ಲ. ಸುನಿಲನೇ ತೆಗೆದ. ಚಟ್ನಿ, ಬೆಲ್ಲ ಎಲ್ಲ ಇಟ್ಟ ಹಾಗೇ ಇತ್ತು.

ನಿನಗೂ ಎಡೆ ಇಡಬೇಕು ಅಂತ ಮೊದಲು ಕೇಳಿದವಳು ನಾನೇ. ಇಟ್ಟರೆ ನೀನು ಸತ್ತೆ ಅಂತ ಒಪ್ಪಿಕೊಂಡಂತೆ ಅನ್ನುವುದು ಎಲೆಯ ಮುಂದೆ ನಿಂತಾಗಲೇ ನನಗೆ ಹೊಳೆದದ್ದು. ಅಲ್ಲಿಯವರೆಗೆ ನನ್ನ ಪಾಲಿಗೆ ನೀನು ಇನ್ನೂ ಆ ಆಸ್ಪತ್ರೆಯಲ್ಲೇ ಇದ್ದೆ.

ನೀನೀಗ ಇರುವಲ್ಲಿ ಯಾರಾದರೂ ಊಟಕ್ಕೆ ಕರೆದರೆ ನಾಚಿಕೊಳ್ಳಬೇಡ. ಕೇಳಿ ಹಾಕಿಸಿಕೊಂಡು ಉಣ್ಣು. ತಣ್ಣಗಿರು ಮಗಾ.

ನಿನ್ನ ಅವ್ವ,
ಪ್ರತಿಮಾ