ಬೇಲಿಯೊಳಗಿನ ಬಾವಿ

ನವೆಂಬರ್ 3, ಸೋಮವಾರ. ಸಂಜೆ

ಇವತ್ತೂ ಲಗ್ನಪತ್ರಿಕೆಗಳಿಗೆ ಪ್ರಾಸ ಹೊಂದಿಸಿ ಭದ್ರಾವತಿ ಬಸ್ ಹಿಡಿದೆ. ನನ್ನ ಬಿ.ಎ. ಕನ್ನಡಕ್ಕೆ ಇರುವ ಏಕೈಕ ಮಾರುಕಟ್ಟೆ ಸವಳಂಗ ರಸ್ತೆಯ ಆ ಪ್ರೆಸ್ಸು. ಊರಲ್ಲಿ ಇಳಿದರೆ ಮಿಲಿಟರಿ ಕ್ಯಾಂಪಿನ ಜೀಪು ಕಾಯುತ್ತಿತ್ತು. ಕಟ್ಟೆಯವರೆಲ್ಲ ಎದ್ದು ನಿಂತರು, ಅರೆಸ್ಟ್ ಇರಬಹುದೆಂಬ ಆಸೆಯಿಂದ.

ಅರೆಸ್ಟ್ ಅಲ್ಲ. ಕರೆಸಿದ್ದು ಹೊಸ ಕರ್ನಲ್ ಸಾಹೇಬರು, ರಾಜಸ್ಥಾನದವರು. ಕ್ಯಾಂಪಿಗೆ ಐವತ್ತು ತುಂಬಿತಂತೆ. ಕ್ಯಾಂಪಿನದೂ ನಮ್ಮೂರಿನದೂ ಸೇರಿಸಿ ಇತಿಹಾಸ ಬರೆದುಕೊಡಬೇಕು. ಒಪ್ಪಿದೆ. ಮನೆಗೆ ಬರುವಷ್ಟರಲ್ಲಿ ಮೊದಲ ಸಾಲುಗಳು ಸಿದ್ಧ:

ಬೇಲಿ ಬಂತು, ಬೂಟು ಬಂತು,
ಊರ ಬಾವಿ ಒಳಗೇ ಕೂತು...

ಮುಂದೆ ಪ್ರಾಸ ಸಿಗಲಿಲ್ಲ. ಉಂಡು ಮಲಗಿದೆ.

ನವೆಂಬರ್ 5

ಕ್ಯಾಂಪಿನ ಗೇಟು ಕಾಯುವ ಜವಾನ ಧರ್ಮೇಂದ್ರ ಕರೆದು ಹೇಳಿದ, "ಹೊಸ ಆರ್ಡರ್ ಬಂತು ಆನಂದ್‌ಜೀ. ಹೊರಗಿನೋರು ಒಳಗೆ ಬಂದ್. ದುಲ್ಹನ್, ಮದುವೆ ಹೆಣ್ಣು ಕೂಡ ಬಂದ್."

ತಂಗಿ ಶೀಲಾ ಕೇಳಿ ಗೋಡೆಯ ಕ್ಯಾಲೆಂಡರ್ ಕಿತ್ತು ತಂದಳು. ಅವಳ ಮಗಳು ಮೈತ್ರಿಯ ಮದುವೆ ಇದೇ 24ಕ್ಕೆ. ನಮ್ಮೂರ ಹೆಣ್ಣಿಗೆ ಮದುವೆಯ ಹಿಂದಿನ ದಿನ ಕ್ಯಾಂಪಿನ ಬೇಲಿಯೊಳಗೆ ಸಿಕ್ಕ ಆ ಊರ ಬಾವಿಯಿಂದಲೇ ಗಂಗೆ ಬರಬೇಕು. ಬಾರದೆ ಚಪ್ಪರಕ್ಕೆ ಕಾಲಿಟ್ಟವರು ಇದುವರೆಗೆ ಯಾರೂ ಇಲ್ಲ.

"ನಲ್ಲೀಲಿ ಹಿಡಿಯೋಣ ಬಿಡು," ಎಂದೆ.

ಅಮ್ಮ ತಿರುಗಿ ನೋಡಿದಳು. "ನಲ್ಲಿ ಗಂಗೆ ಬರೋದು ದಿನ ಬಿಟ್ಟು ದಿನ. ಮುಹೂರ್ತ ಅವಳನ್ನ ಕೇಳಿ ಇಡ್ಬೇಕೇನೋ ಮಾರಾಯ?"

ನವೆಂಬರ್ 9. ಭಾನುವಾರ

ಇತಿಹಾಸ ಎಂದರೆ ನಮ್ಮಮ್ಮ ಹಾಲಮ್ಮ. ಹೇಳಿಸಿದೆ.

ಬೇಲಿ ಹಾಕಿದ ವರ್ಷವೇ ಅವಳ ಮದುವೆ. ಮೊದಲ ಕೊಡ ಸೋದರಮಾವನೇ ಸೇದಬೇಕು. ಮಾವನ ಬಸ್ ತರೀಕೆರೆಯಲ್ಲಿ ಕೆಟ್ಟು ನಿಂತಿತು. ಬಿಸಿಲೇರಿತು, ಹೆಂಗಸರ ಹಾಡು ಮುಗಿಯಿತು, ಮಾವ ಇಲ್ಲ. ನೋಡುತ್ತಿದ್ದ ಸೆಂಟ್ರಿ ತನ್ನ ಬಂದೂಕನ್ನು ಜೊತೆಯವನ ಕೈಗೆ ಕೊಟ್ಟು ಹಗ್ಗ ಹಿಡಿದನಂತೆ. "ಆರಡಿ ಆಳು, ಗಡ್ಡ, ಪೇಟ. ಒಂದೇ ಎಳೆತಕ್ಕೆ ಕೊಡ ಮೇಲೆ!" ಅಮ್ಮನಿಗೆ ಈಗಲೂ ನಾಚಿಕೆ.

ಅಂದಿನಿಂದ ಗೇಟಿನಲ್ಲಿ ಯಾರಿದ್ದರೂ ಅವನೇ ಮಾವ. ಸಿಖ್ಖ, ಗೂರ್ಖಾ, ತಮಿಳ — ಎಲ್ಲರೂ ಬಂದು ಹೋದರು. ರಕ್ತಸಂಬಂಧದ ಮಾವಂದಿರಿಗೆ ಉಳಿದದ್ದು ಚಪ್ಪರಕ್ಕೆ ಮಾವಿನಸೊಪ್ಪು ಕಟ್ಟುವ ಕೆಲಸ.

ಅಂದರೆ... ನನಗೆ ಸೋದರಮಾವನಾಗುವ ಅವಕಾಶ ಬಂದದ್ದು ಇದೊಂದೇ. ಅದೂ ಸೈನ್ಯದ ವಶ.

ನವೆಂಬರ್ 16. ಸಂಜೆ

ಅಮ್ಮನನ್ನೂ ಇತಿಹಾಸವನ್ನೂ ಕರ್ನಲ್ ಮುಂದೆ ಕೂರಿಸಿದೆ. ಬರೆದದ್ದನ್ನು ಎಸ್ಸೆಸ್ಸೆಲ್ಸಿಯಲ್ಲಿ ಕಲಿತಷ್ಟು ಹಿಂದಿಯಲ್ಲಿ ಓದಿ ಹೇಳಿದೆ. ಸೆಂಟ್ರಿಯ ಕಥೆ ಬಂದಾಗ ಅವರು ಕೈ ಎತ್ತಿದರು.

"ಮಾಮಾ? ಹಮಾರಾ ಸೆಂಟ್ರಿ?"

ಅಮ್ಮ ಕಾಯಲಿಲ್ಲ. "ಹೂಂ ಸ್ವಾಮಿ. ಐವತ್ತು ವರ್ಷದಿಂದ ನಮ್ಮೂರ್ ಹೆಣ್ಮಕ್ಳಿಗೆಲ್ಲ ನೀವೇ ಸೋದರಮಾವ. ಈಗ ಮಾವನೇ ಬಾಗ್ಲು ಹಾಕ್ಕೊಂಡ್ರೆ ಹೆಂಗೆ?"

ಬಾಗಿಲಲ್ಲಿ ನಿಂತಿದ್ದ ಧರ್ಮೇಂದ್ರ ಅನುವಾದಿಸಿದ. ಕರ್ನಲ್ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ತಮ್ಮೂರಲ್ಲಿ ಮಾವ ಉಡುಗೊರೆ ಹೊತ್ತು ಬಾರದೆ ಮದುವೆಯೇ ಸಾಗುವುದಿಲ್ಲ ಎಂದರು. ಆದರೆ ಆರ್ಡರ್ ಆರ್ಡರೇ — ಹೊರಗಿನವರು ಬರುವಂತಿಲ್ಲ. ಭಾನುವಾರ ಜವಾನರ ನೆಂಟರು ಮಾತ್ರ ಬರಬಹುದು.

ಶೀಲಾಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಅವರು ಧರ್ಮೇಂದ್ರನತ್ತ ತಿರುಗಿದರು. ಆ ಹುಡುಗಿ ನಿನಗೆ ಏನಾಗಬೇಕು?

ಧರ್ಮೇಂದ್ರನ ಬೂಟು ಠಪ್ಪೆಂದಿತು. "ಭಾಂಜಿ, ಸಾಬ್! ಅಕ್ಕನ ಮಗಳು!"

ಅಮ್ಮ ಅಲ್ಲೇ ಅವನ ಗಲ್ಲ ಸವರಿದಳು. ಸೈನ್ಯ ಕದಲಲಿಲ್ಲ.

ನವೆಂಬರ್ 23. ಭಾನುವಾರ, ಬೆಳಿಗ್ಗೆ

ಗೇಟಿನ ಬೆಂಚಿನ ಮೇಲೆ ಕೂತು ಗೀಚುತ್ತಿದ್ದೇನೆ. ಎಲ್ಲರೂ ಒಳಗೆ. ಧರ್ಮೇಂದ್ರನ ಅಕ್ಕ ಎಂದು ಶೀಲಾ ಹೋದಳು, ತಾಯಿ ಎಂದು ಅಮ್ಮ ಹೋದಳು, ಚಿಕ್ಕಮ್ಮಂದಿರೆಂದು ಇಡೀ ಕೇರಿ ಹೋಯಿತು. ಕರ್ನಲ್ ತಟ್ಟೆಯಲ್ಲಿ ಸೀರೆ, ಬಳೆ, ಬೆಲ್ಲ ಹಿಡಿದು ಮುಂದೆ.

ಗೇಟಿನಲ್ಲಿ ಇವತ್ತು ಹೊಸ ಹುಡುಗ. "ಆಪ್ ಕೌನ್?"

"ಸೋದರಮಾವ. ಮಾಮಾ."

"ಮಾಮಾ ಅಂದರ್ ಹೈ."

ಸರಿ. ಮಾವ ಆಗಲೇ ಒಳಗಿರುವಾಗ ವಾದಕ್ಕೆ ಜಾಗವೇ ಇಲ್ಲ.

ಬ್ಯಾಂಡ್ ಶುರುವಾಯಿತು... ನಿಂತಿತು. ಯಾಕೋ? ಮೈತ್ರಿಯ ದನಿ, ಬೇಲಿ ದಾಟಿ: "ಆನಂದ್ ಮಾವ ಬರ್ದೇ ನಾನು ಕೊಡ ಮುಟ್ಟಲ್ಲ! ಒಬ್ರು ಸೇದ್ಲಿ, ಒಬ್ರು ಹೊರ್ಸ್ಲಿ!"

ಧರ್ಮೇಂದ್ರ ಓಡಿ ಬರುತ್ತಿದ್ದಾನೆ. ಹುಡುಗನಿಗೆ ಕೂಗುತ್ತಿದ್ದಾನೆ, "ಛೋಡ್ ದೋ, ಮೇರಾ ಭಾಯಿ ಹೈ!" ಎಂದು. ನಾನೀಗ ಅವನ ಅಣ್ಣ. ಹುಡುಗ ಸೆಲ್ಯೂಟ್ ಹೊಡೆದ. ನನಗೆ! ಫೋನು, ಪೆನ್ನು, ಡೈರಿ ಗೇಟಿನಲ್ಲೇ ಬಿಡಬೇಕಂತೆ. ಒಂದು ಸಾಲು ತಾಳಪ್ಪ ಎಂದರೂ ಕೈ ಚಾಚಿಕೊಂಡೇ ನಿಂತಿ—